ಲಕ್ಷದ ಮೇಲೊಂದು

ಕಟ್ಟೆಮಳಲವಾಡಿ ಸ್ಕೂಲಿನ ಮೇಷ್ಟ್ರು ಚನ್ನಬಸವಣ್ಣ ಲೆಕ್ಕದಲ್ಲಿ ಎಡವಿದವನೇ ಅಲ್ಲ. ಎಡವಿದ್ದು ಒಂದೇ ಒಂದು ಸಲ. ಅದೂ ಎಲ್ಲಿ ಅಂತೀರಿ? ಸಿದ್ದಮಲ್ಲಪ್ಪನವರ ಜಗಲಿಯ ಮೇಲೆ, ಹಾಡಹಗಲು, ಊರಿನ ಹತ್ತಾರು ಗಂಡಸರ ಎದುರಿಗೆ.

ಮಹಾರಾಜರ ಕಾಲ ಅದು. ಮೇಷ್ಟ್ರು ಒಂದು ಮಾತು ಹೇಳಿದರೆ ಅಮಲ್ದಾರರ ಮೊಹರು ಬಿದ್ದ ಹಾಗೆ. ಮತ್ತೆ ಕೇಳುವವರಿಲ್ಲ.

ವಿಷಯ ಇಷ್ಟು. ಸಿದ್ದಮಲ್ಲಪ್ಪನವರ ಒಬ್ಬಳೇ ಮಗಳು ಮಂಗಳಗೌರಿಗೆ ಮೂರು ವರ್ಷವಿದ್ದಾಗ ಸಿಡುಬು ಎದ್ದಿತ್ತು. ಮಗು ಉಳಿಯುವುದಿಲ್ಲ ಎಂದು ಮನೆಯವರೆಲ್ಲ ಕೈಚೆಲ್ಲಿ ಕೂತ ದಿನ, ಅವಳ ತಾಯಿ ಈಶ್ವರನ ಗುಡಿಯ ಹೊಸ್ತಿಲಿಗೆ ಹಣೆಯಿಟ್ಟು ಹರಕೆ ಹೊತ್ತಳು. ಮಗು ಎದ್ದು ಕೂತರೆ ಲಕ್ಷದ ಮೇಲೊಂದು ಬತ್ತಿ ಹೊಸೆದು ಕಾರ್ತಿಕ ಸೋಮವಾರ ಬೆಳಗುತ್ತೇನೆ. ಎಲ್ಲ ದೀಪಕ್ಕೂ ಸಮಸಮ ಹಂಚುತ್ತೇನೆ. ಒಂದು ಬತ್ತಿಯೂ ಮಿಗಬಾರದು, ಒಂದೂ ಸಾಲದೆ ಬರಬಾರದು. ಒಂಟಿ ದೀಪ ಹಚ್ಚುವುದಿಲ್ಲ, ದೀಪದಲ್ಲಿ ಒಂಟಿ ಬತ್ತಿ ಇಡುವುದಿಲ್ಲ.

ಸೊನ್ನೆಯಲ್ಲಿ ಮುಗಿಯುವ ಕಾಣಿಕೆಯನ್ನು ದೇವರಿಗೆ ಕೊಡುವ ರೂಢಿ ನಮ್ಮಲ್ಲಿಲ್ಲ. ನೂರಾದರೆ ನೂರೊಂದು, ಲಕ್ಷವಾದರೆ ಲಕ್ಷದೊಂದು. ಪಾಪ, ಆ ತಾಯಿ ಅಷ್ಟನ್ನು ಮಾತ್ರ ಬಲ್ಲವಳು. ಲಕ್ಷದೊಂದು ಎಷ್ಟು ಪಾಲಾಗುತ್ತದೋ, ಆಗುವುದೇ ಇಲ್ಲವೋ, ಅದನ್ನು ಅವಳು ಯೋಚಿಸಿರಲಿಲ್ಲ.

ಮಗು ಎದ್ದು ಕೂತಿತು. ತಾಯಿ ಮೂವತ್ತು ಸಾವಿರ ಬತ್ತಿ ಹೊಸೆದು, ಗೌರಿಗೆ ಒಂಬತ್ತಾಗಿದ್ದಾಗ ತೀರಿಕೊಂಡಳು. ಉಳಿದದ್ದನ್ನು ಗೌರಿ ಅಜ್ಜಿ ದೊಡ್ಡತಾಯಮ್ಮನ ಪಕ್ಕದಲ್ಲಿ ಕೂತು ಹತ್ತು ವರ್ಷ ಹೊಸೆದಳು. ಸಾವಿರಕ್ಕೊಂದು ಕಟ್ಟು. ಹಾಗೆ ನೂರು ಕಟ್ಟಾದವು, ಕೊನೆಗೆ ಮೇಲಿನದೊಂದು ಒಂಟಿ ಬತ್ತಿಯೂ ಆಯಿತು. ಆಮೇಲೆ ಹಂಚಲು ಕೂತರು ನೋಡಿ, ಅಲ್ಲಿ ಸಿಕ್ಕಿಬಿದ್ದರು. ಎರಡು ದೀಪಕ್ಕೆ ಹಂಚಿದರೆ ಒಂದು ಮಿಗುತ್ತದೆ. ಐದಕ್ಕೆ ಹಂಚಿದರೂ ಒಂದು ಮಿಗುತ್ತದೆ. ಗುಡಿಯ ಮಹದೇವಯ್ಯನವರು ನೂರೆಂಟಕ್ಕೆ ಹಂಚಿ ನೋಡಿದರು. ನೂರೊಂದು ಮಿಕ್ಕಿತು.

"ಮೇಷ್ಟ್ರನ್ನ ಕರೀರಿ" ಎಂದರು ಎಲ್ಲರೂ.

ಚನ್ನಬಸವಣ್ಣ ಬಂದ. ತಲೆಗೆ ರುಮಾಲು, ಕೈಯಲ್ಲಿ ಸ್ಲೇಟು. ಚುಂಚನಕಟ್ಟೆ ಕಡೆಯವನು, ಇಪ್ಪತ್ತಾರು ವರ್ಷ, ಈ ಊರಿಗೆ ಬಂದು ಒಂಬತ್ತು ತಿಂಗಳಾಗಿತ್ತು. ಆ ಒಂಬತ್ತು ತಿಂಗಳಲ್ಲಿ ಗೌರಿಯನ್ನು ಅವನು ನೋಡಿದ್ದು ಬಹಳವೇನಲ್ಲ. ನಾಲೆಯ ಏರಿಯ ಮೇಲೆ ನಾಲ್ಕು ಸಲ, ಗುಡಿಯಲ್ಲಿ ಆರು ಸಲ. ಅವಳು ಅಜ್ಜಿಯ ಕೈಲಿ ಹೇಳಿ ಕಳಿಸಿ ಅವನ ಅಂಕಗಣಿತದ ಪುಸ್ತಕ ತರಿಸಿಕೊಂಡು ಓದಿ ವಾಪಸು ಕೊಟ್ಟಿದ್ದು ಒಂದು ಸಲ. ಒಳಗೆ ಒಂದು ಲೆಕ್ಕದ ಉತ್ತರ ತಪ್ಪಾಗಿ ಅಚ್ಚಾಗಿತ್ತು. ಅವಳು ಅದರ ಪಕ್ಕದಲ್ಲಿ ಸಣ್ಣದಾಗಿ ಸರಿ ಉತ್ತರ ಬರೆದಿದ್ದಳು. ಅವತ್ತಿನಿಂದ ಅವನಿಗೆ ಊಟ ಸರಿಯಾಗಿ ಸೇರುತ್ತಿರಲಿಲ್ಲ.

ಅವನು ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಭಾಗಿಸುತ್ತ ಹೋದ. "ಮೂರರಿಂದ, ಎರಡು ಮಿಗುತ್ತದೆ. ನಾಲ್ಕರಿಂದ, ಒಂದು. ಆರರಿಂದ, ಐದು. ಏಳರಿಂದ, ಆರು. ಎಂಟರಿಂದ, ಒಂದು. ಒಂಬತ್ತರಿಂದ, ಎರಡು. ಹತ್ತರಿಂದ, ಒಂದು."

ಹತ್ತು ಎಂದಾಗ ಒಳಬಾಗಿಲ ಹತ್ತಿರ ಬಳೆ ಸದ್ದಾಯಿತು. ಗೌರಿ ಬೆಲ್ಲದ ಕಾಫಿಯ ಲೋಟಗಳನ್ನು ತಂದಳು. ಎಲ್ಲರಿಗೂ ಕೊಟ್ಟು ಕೊನೆಯ ಲೋಟವನ್ನು ಅವನ ಮುಂದಿಟ್ಟಳು. ಇಡುವಾಗ ಸ್ಲೇಟಿನ ಕಡೆ ನೋಡಿದಳು. ಆಮೇಲೆ, ಒಂದು ರೆಪ್ಪೆ ಬಡಿಯುವಷ್ಟು ಹೊತ್ತು, ಅವನ ಕಡೆ ನೋಡಿದಳು. ಹುಬ್ಬಿನ ಮೇಲೆ ಸಿಡುಬಿನ ಒಂದೇ ಒಂದು ಚುಕ್ಕೆ ಉಳಿದಿತ್ತು. ಅದನ್ನು ಅವನು ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ.

ಅವಳು ಒಳಗೆ ಹೋದಳು. ಅವನು ಕಾಫಿ ಕುಡಿದು ಮೀಸೆ ಒರೆಸಿಕೊಂಡು ಮತ್ತೆ ಶುರುಮಾಡಿದ. "ಹನ್ನೆರಡರಿಂದ, ಐದು ಮಿಗುತ್ತದೆ. ಹದಿಮೂರರಿಂದ, ಐದು."

ಹತ್ತೊಂಬತ್ತರ ತನಕ ಹೋಗಿ ಬಳಪ ಕೆಳಗಿಟ್ಟ. "ಇದು ಯಾವುದಕ್ಕೂ ಬಗ್ಗೋ ಸಂಖ್ಯೆ ಅಲ್ಲ ಕಣ್ರೀ. ಇಂಥವನ್ನ ಅವಿಭಾಜ್ಯ ಅಂತಾರೆ. ಸಮಪಾಲು ಆಗೋದಿಲ್ಲ."

ಮಹದೇವಯ್ಯನವರು ವಿಭೂತಿಯ ಹಣೆ ತಡವಿಕೊಂಡರು. "ಅಂಗಾದ್ರೆ ಈ ಕಾರ್ತಿಕಕ್ಕೆ ಆಗಾಕಿಲ್ಲ. ಒಂದು ಬತ್ತಿ ಕಮ್ಮಿ ಮಾಡಿದ್ರೂ ಅರಕೆ ಕೆಡ್ತದೆ, ಜಾಸ್ತಿ ಮಾಡಿದ್ರೂ ಕೆಡ್ತದೆ. ಮೈಸೂರಲ್ಲಿ ದೊಡ್ಡೋರನ್ನ ಕೇಳ್ಕೊಂಡು ಬರೋ ವರ್ಸ ನೋಡವ."

ದೊಡ್ಡತಾಯಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಬರೋ ವರ್ಸ ನಾನಿರ್ತೀನಾ ಅಯ್ಯನೋರೇ? ಸೊಸೆಗೆ ಮಾತು ಕೊಟ್ಟಿದ್ದೆ. ಮಾತು ಕೊಟ್ಟಿದ್ದೆ ನಾನು" ಎಂದಳು. ಎಲ್ಲವನ್ನೂ ಎರಡೆರಡು ಸಲ ಹೇಳುವುದು ಅವಳ ಅಭ್ಯಾಸ. ಎರಡನೆಯ ಸಲ ಹೇಳುವಾಗ ಅವಳ ದನಿ ಒಡೆದಿತ್ತು.

ಮುದುಕಿಯ ಮುಖ ಚನ್ನಬಸವಣ್ಣನ ಕಣ್ಣಿಂದ ಹೋಗಲಿಲ್ಲ. ಮಾರನೆಯ ದಿನದಿಂದ ಸ್ಕೂಲು ಬಿಟ್ಟ ಮೇಲೆ ಕೋಣೆಯಲ್ಲಿ ಕೂತು ಆ ಸಂಖ್ಯೆಯ ಹಿಂದೆ ಬಿದ್ದ. ಇಪ್ಪತ್ತಮೂರು, ಇಪ್ಪತ್ತೊಂಬತ್ತು, ಮೂವತ್ತೊಂದು. ಆ ಸಂಖ್ಯೆಯ ವರ್ಗಮೂಲ ಮುನ್ನೂರ ಹದಿನಾರರ ಹತ್ತಿರ, ಅದನ್ನು ದಾಟಿದರೆ ಆಮೇಲೆ ನೋಡುವ ಅಗತ್ಯವಿಲ್ಲ ಎಂಬುದು ಅವನಿಗೆ ಗೊತ್ತು. ಅಲ್ಲಿಯವರೆಗೂ ಒಂದನ್ನೂ ಬಿಡದೆ ಭಾಗಿಸಿದ. ಹತ್ತೊಂಬತ್ತರ ಒಳಗಿನದನ್ನು ಜಗಲಿಯ ಮೇಲೇ ಮುಗಿಸಿದ್ದೆನಲ್ಲ ಎಂದು ಆ ಕಡೆ ಮತ್ತೆ ತಿರುಗಿ ನೋಡಲಿಲ್ಲ. ಸ್ಲೇಟು ಸವೆಯಿತೇ ಹೊರತು ಆ ಹಟಮಾರಿ ಸಂಖ್ಯೆ ಜಪ್ಪಯ್ಯ ಅನ್ನಲಿಲ್ಲ.

ನಿಜ ಹೇಳಬೇಕೆಂದರೆ, ಪ್ರತಿ ಸಲ ಶೇಷ ಉಳಿದಾಗಲೂ ಅವನ ಮನಸ್ಸಿನ ಒಂದು ಮೂಲೆ ಹಾಯೆನ್ನುತ್ತಿತ್ತು. ಅದಕ್ಕೆ ಅವನಿಗೇ ನಾಚಿಕೆಯಾಗುತ್ತಿತ್ತು. ಹರಕೆ ತೀರುವವರೆಗೆ ಗೌರಿಯ ಮದುವೆ ಮಾತು ಎತ್ತಕೂಡದು ಎಂದು ದೊಡ್ಡತಾಯಮ್ಮ ಮೊದಲಿಂದ ಹಟ ಹಿಡಿದಿದ್ದಳು. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಜಮೀನುದಾರರ ಮನೆಯಿಂದ ಒಂದು ಸಂಬಂಧ ಬಂದು, ದೀಪ ಹತ್ತುವುದನ್ನೇ ಕಾಯುತ್ತಿತ್ತು. ದೀಪ ಹತ್ತದಿದ್ದರೆ ಗೌರಿ ಈ ಊರಲ್ಲೇ ಇರುತ್ತಾಳೆ.

ಆದರೆ ಅವನು ಇರುವ ಹಾಗಿರಲಿಲ್ಲ. ಆ ವಾರವೇ ವರ್ಗದ ಕಾಗದ ಬಂತು. ಕಾರ್ತಿಕದ ಕಡೇ ಸೋಮವಾರ ಕಳೆದು ಮಂಗಳವಾರ ಹೊರಟು, ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರದಲ್ಲಿ ಕೆಲಸಕ್ಕೆ ಹಾಜರಾಗಬೇಕು.

ಶನಿವಾರ ಮಧ್ಯಾಹ್ನ ಸ್ಲೇಟು ಹಿಡಿದು ಸಿದ್ದಮಲ್ಲಪ್ಪನವರ ಮನೆಗೆ ಹೋದ. ಅಜ್ಜಿ ಮೊಮ್ಮಗಳು ಜಗಲಿಯ ಬಿಸಿಲಿನಲ್ಲಿ ಹತ್ತಿ ಬಿಡಿಸುತ್ತ ಕೂತಿದ್ದರು.

"ಅಮ್ಮಾ, ಮುನ್ನೂರ ಹದಿನಾರರ ತನಕ ನೋಡಿದೆ. ಆಗಲಿಲ್ಲ" ಎಂದ.

"ಓಗ್ಲಿ ಬುಡಿ ಮೇಷ್ಟ್ರೇ, ನೀವೇನ್ ಮಾಡೀರಿ. ಕೂತ್ಕಳಿ, ಮಜ್ಜಿಗೆ ತತ್ತೀನಿ. ಮಜ್ಜಿಗೆ ತತ್ತೀನಿ ಇರಿ" ಎಂದು ದೊಡ್ಡತಾಯಮ್ಮ ಮೊಣಕಾಲು ಹಿಡಿದುಕೊಂಡು ಎದ್ದು ಒಳಗೆ ಹೋದಳು.

ಗೌರಿ ತಲೆಯೆತ್ತಲಿಲ್ಲ. ಹತ್ತಿಯ ಬೀಜ ತೆಗೆಯುತ್ತಲೇ ಕೇಳಿದಳು. "ಮೇಷ್ಟ್ರೇ, ಅವತ್ತು ಕಾಫಿ ಚೆನ್ನಾಗಿತ್ತಾ?"

"ಚೆನ್ನಾಗಿತ್ತು. ಯಾಕ್ರೀ?"

"ಅಜ್ಜಿ ಕೇಳಿಸ್ಕಂಡ್ರೆ ನಗ್ತಾರೆ. ನಮ್ಮ ಹುಡ್ಗೀಗೆ ರೀ ಅಂತಾರಲ್ಲ ಈ ಮೇಷ್ಟ್ರು ಅಂತ." ಅವಳ ತುಟಿಯ ಅಂಚು ಮೇಲಕ್ಕೆ ಹೋಯಿತು. "ಕಾಫಿಗೆ ಮುಂಚೆ ಎಲ್ಲೀವರೆಗೂ ಭಾಗಿಸಿದ್ರಿ?"

"ಹತ್ತರವರೆಗೂ."

"ಕುಡಿದ ಮೇಲೆ?"

"ಹನ್ನೆರಡ..." ಎಂದವನು ಅಲ್ಲೇ ನಿಂತುಬಿಟ್ಟ.

ಗೌರಿ ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ಹುಣಸೆಬೀಜಗಳಿದ್ದವು. "ನೂರು ಬೀಜ, ನೂರು ಕಟ್ಟು ಅಂದ್ಕಳಿ. ಹನ್ನೊಂದು ಗುಡ್ಡೆ ಮಾಡ್ದೆ. ಗುಡ್ಡೆಗೆ ಒಂಬತ್ತರಂತೆ ತೊಂಬತ್ತೊಂಬತ್ತು ಹೋಯ್ತು. ಒಂದು ಕಟ್ಟು ಉಳೀತು. ಅದನ್ನ ಬಿಚ್ಚಿ ಆ ಒಂಟಿ ಬತ್ತಿ ಸೇರಿಸಿದ್ರೆ ಸಾವಿರದ ಒಂದು. ಸಾವಿರದ ಒಂದನ್ನ ಹನ್ನೊಂದಕ್ಕೆ ಹಂಚಿದ್ರೆ?"

"ತೊಂಬತ್ತೊಂದು" ಎಂದ ಚನ್ನಬಸವಣ್ಣ. ದನಿ ಅವನದೇ ಅನ್ನಿಸಲಿಲ್ಲ. ಒಂದೊಂದು ದೀಪಕ್ಕೆ ಒಂಬತ್ತು ಕಟ್ಟು, ಮೇಲೆ ತೊಂಬತ್ತೊಂದು. ಒಂಬತ್ತು ಸಾವಿರದ ತೊಂಬತ್ತೊಂದು. ಮಿಗುವುದಿಲ್ಲ, ಸಾಲದೆಯೂ ಬರುವುದಿಲ್ಲ. ಸ್ಲೇಟಿನ ಮೇಲೆ ಬರೆದ ಸಂಖ್ಯೆಯನ್ನೇ ನೋಡುತ್ತ ಕೂತ. "ಇದನ್ನ ನಾನೇ ಮಕ್ಕಳಿಗೆ ಹೇಳಿಕೊಡ್ತೀನಿ. ಅಂಕಿಗಳನ್ನ ಒಂದು ಬಲಗೈಗೆ, ಒಂದು ಎಡಗೈಗೆ ಹಾಕ್ಕೊಂಡು ಹೋಗಿ, ಎರಡು ಕೈಯೂ ಸಮ ಬಂದ್ರೆ ಹನ್ನೊಂದರಿಂದ ಭಾಗವಾಗುತ್ತೆ ಅಂತ. ನೋಡಿ ಇಲ್ಲಿ. ಆ ತುದೀಲೊಂದು ಒಂದು, ಈ ತುದೀಲೊಂದು ಒಂದು, ನಡುವೆ ನಾಲ್ಕು ಸೊನ್ನೆ. ಒಂದು ಬಲಗೈಗೆ ಬಿತ್ತು, ಇನ್ನೊಂದು ಎಡಗೈಗೆ. ಸಮ."

"ನಡುವೆ ಮೂರು ಸೊನ್ನೆ ಇದ್ದಿದ್ರೆ?"

"ಎರಡೂ ಒಂದೇ ಕೈಗೆ ಬೀಳ್ತಿದ್ವು. ಹನ್ನೊಂದರಿಂದ ಆಗ್ತಿರಲಿಲ್ಲ."

"ಹಂಗಾದ್ರೆ ದೂರ ಇರೋದೂ ಒಳ್ಳೇದೇ ಒಂದೊಂದ್ಸಲ" ಎಂದಳು ಗೌರಿ. ಹೇಳಿಬಿಟ್ಟ ಮೇಲೆ ನಾಚಿಕೆಯಾಗಿ ಹುಣಸೆಬೀಜಗಳನ್ನು ಮತ್ತೆ ಗಂಟು ಕಟ್ಟತೊಡಗಿದಳು.

ಅವನಿಗೂ ಕಿವಿ ಬಿಸಿಯಾಯಿತು. ಏನಾದರೂ ಹೇಳಬೇಕಲ್ಲ ಎಂದು ಹೇಳಿದ. "ಇದಕ್ಕೆ ಇನ್ನೊಂದು ಗುಣ ಇದೆ. ಯಾವುದಾದರೂ ಐದಂಕಿ ಸಂಖ್ಯೆ ಹೇಳಿ."

"ಇಪ್ಪತ್ತೆಂಟು ಸಾವಿರದ ನಾನೂರ ಐವತ್ತೊಂದು."

ಅವನು ಅದನ್ನು ಲಕ್ಷದೊಂದರಿಂದ ಗುಣಿಸಿ ಸ್ಲೇಟು ತಿರುಗಿಸಿದ. 2845128451. "ಏನು ಕೊಟ್ಟರೂ ಅದನ್ನೇ ಎರಡು ಸಲ ಹೇಳುತ್ತೆ."

"ನಮ್ಮಜ್ಜಿ ಥರ" ಎಂದಳು ಗೌರಿ, ಮತ್ತು ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕರು.

ನಗು ನಿಂತ ಮೇಲೆ ಚನ್ನಬಸವಣ್ಣ ಮೆಲ್ಲಗೆ ಕೇಳಿದ. "ಯಾವಾಗ ಗೊತ್ತಾಯಿತು ನಿಮಗೆ?"

"ಅವತ್ತೇ. ಲೋಟ ಇಟ್ಟು ಒಳಗೆ ಹೋದೆನಲ್ಲ, ನೀವು ಹನ್ನೆರಡು ಅಂದ್ರಿ. ಬಾಗಿಲ ಹಿಂದೆ ನಿಂತು ಕೇಳಿಸ್ಕಂಡೆ. ಜಗಲಿ ತುಂಬ ಗಂಡಸ್ರು. ಮೇಷ್ಟ್ರು ತಪ್ಪು ಅಂತ ನಾನು ಹೆಂಗೆ ಬಂದು ಹೇಳ್ಲಿ? ಸಂಜೆ ಬೀಜ ಇಟ್ಕಂಡು ನೋಡ್ದೆ. ಸರಿಯಾಗಿತ್ತು."

"ಮತ್ತೆ ಇಷ್ಟು ದಿನ ಯಾಕೆ ಸುಮ್ಮನಿದ್ರಿ?"

ಗೌರಿ ಮತ್ತೆ ಹತ್ತಿ ಕೈಗೆತ್ತಿಕೊಂಡಳು. "ದೀಪ ಹತ್ತಿದ್ರೆ ಪಿರಿಯಾಪಟ್ಟಣ" ಎಂದಳು. "ಇಲ್ಲೇ ಇರೋ ಆಸೆಗೆ ಸುಮ್ಮನಿದ್ದೆ. ಆದ್ರೆ ಅಜ್ಜಿ ದಿನಾ ಆ ಕಟ್ಟುಗಳ ಮುಂದೆ ಕೂತು ಅಮ್ಮನ ಹೆಸ್ರು ಹಿಡಿದು ಅಳ್ತಾರೆ. ನೋಡಕ್ಕಾಗಲ್ಲ ನನ್ನ ಕೈಲಿ. ನೀವೇ ಹುಡುಕಿದ್ದು ಅಂತ ಹೇಳ್ಬುಡಿ ಮೇಷ್ಟ್ರೇ. ತಪ್ಪಿದ್ರು ಅನ್ನೋ ಮಾತು ಬರೋದು ಬ್ಯಾಡ. ಇನ್ನೂ ಲೆಕ್ಕ ಹಾಕ್ದೆ, ಸಿಕ್ತು ಅನ್ನಿ. ಸಾಕು."

"ನನಗೆ ಹಂಪಾಪುರಕ್ಕೆ ವರ್ಗವಾಗಿದೆ" ಎಂದ ಅವನು. "ಮಂಗಳವಾರ ಹೊರಡಬೇಕು."

ಅವಳ ಕೈ ನಿಂತಿತು. ಬೆರಳ ನಡುವೆ ಇದ್ದ ಹತ್ತಿ ಅಲ್ಲೇ ಉಳಿಯಿತು. ಅಷ್ಟರಲ್ಲಿ ದೊಡ್ಡತಾಯಮ್ಮ ಮಜ್ಜಿಗೆ ತಂದಳು. ಅದಕ್ಕೆ ಉಪ್ಪು ಹಾಕಿತ್ತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಅವನೇ ಮಹದೇವಯ್ಯನವರನ್ನು ಕರೆದುಕೊಂಡು ಬಂದ. ಜಗಲಿ ಮತ್ತೆ ತುಂಬಿತು. ಬಾಗಿಲ ಹಿಂದೆ ಬಳೆಗಳು ಅಲುಗದೆ ಇದ್ದದ್ದು ಅವನಿಗೆ ಕೇಳಿಸಿತು, ಅಲುಗದೆ ಇದ್ದದ್ದು ಕೇಳಿಸುವುದಾದರೆ.

ಸುಳ್ಳು ಹೇಳುವುದು ಸುಲಭವಿತ್ತು. ಇನ್ನೂ ಲೆಕ್ಕ ಹಾಕ್ದೆ, ಸಿಕ್ತು. ಅಷ್ಟೇ. ಊರು ಭೇಷ್ ಅನ್ನುತ್ತಿತ್ತು. ಅವನು ಗಾಡಿ ಹತ್ತುತ್ತಿದ್ದ, ಅವಳು ಪಿರಿಯಾಪಟ್ಟಣಕ್ಕೆ ಹೋಗುತ್ತಿದ್ದಳು. ಆದರೆ ಹತ್ತು ವರ್ಷ ಕೂತು ಹೊಸೆದವಳ ಲೆಕ್ಕವನ್ನು ತನ್ನದು ಎಂದು ಹೇಳಲು ಅವನ ನಾಲಿಗೆ ಏಳಲಿಲ್ಲ.

"ಲಕ್ಷದೊಂದು ಹನ್ನೊಂದು ಪಾಲಾಗುತ್ತದೆ" ಎಂದ. "ಪಾಲಿಗೆ ಒಂಬತ್ತು ಸಾವಿರದ ತೊಂಬತ್ತೊಂದು. ಹನ್ನೊಂದು ಬಿಟ್ಟರೆ ನಮಗಾಗುವ ಪಾಲು ಬೇರೆ ಇಲ್ಲ. ಅವತ್ತು ನಾನು ಹೇಳಿದ್ದು ತಪ್ಪು. ಇದನ್ನ ಕಂಡುಹಿಡಿದದ್ದು ನಾನಲ್ಲ, ಈ ಮನೆಯ ಮಗಳು."

ಮಹದೇವಯ್ಯನವರು ಎದ್ದೇ ನಿಂತರು. "ಅನ್ನೊಂದು! ಏಕಾದಶ ರುದ್ರರು ಅನ್ನೊಂದೇ ಜನ ಅಲ್ವರಾ? ಅರಕೆ ಮಾಡ್ಕಂಡೋಳು ತಿಳ್ಕಂಡ್ ಮಾಡುದ್ಲೋ, ತಿಳೀದೆ ಮಾಡುದ್ಲೋ, ಶಿವನ ಲೆಕ್ಕನೇ ಇಟ್ಟವಳೆ ಆ ತಾಯಿ."

ದೊಡ್ಡತಾಯಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು. ಈ ಸಲ ಅವಳು ಏನನ್ನೂ ಹೇಳಲಿಲ್ಲ, ಒಂದು ಸಲವೂ.

ಸಿದ್ದಮಲ್ಲಪ್ಪನವರು ಮಾತ್ರ ಹುಬ್ಬು ಗಂಟಿಕ್ಕಿ ಕೂತಿದ್ದರು. ಸುತ್ತಿ ಬಳಸಿ ಮಾತಾಡುವ ಮನುಷ್ಯ ಅಲ್ಲ. "ಅಲ್ಲ ಮೇಷ್ಟ್ರೇ, ಅತ್ತು ಆಯ್ತು, ಅನ್ನೆರಡು ಆಯ್ತು. ಎಲ್ಲಾರ ಮುಂದೇನೇ ಕೂತು ಲೆಕ್ಕ ಆಕುದ್ರಿ. ನಡುವಿಂದು ಒಂದು ಯಾಕ್ ಬುಟ್ರಿ? ನೀವು ಅಂಗೆಲ್ಲ ಮರೆಯೋರಲ್ಲ."

ಚನ್ನಬಸವಣ್ಣ ಸ್ಲೇಟು ನೋಡಿದ. ನೆಲ ನೋಡಿದ. ತಪ್ಪು ಒಪ್ಪಿಕೊಂಡ ಮೇಲೆ ತಪ್ಪಿನ ಕಾರಣವನ್ನೂ ಹೇಳಲೇಬೇಕು. ಅದೇ ಪಾಠವನ್ನು ಅವನು ದಿನಾ ಮಕ್ಕಳಿಗೆ ಹೇಳುತ್ತಿದ್ದ.

"ಹತ್ತು ಅಂದಾಗ ತಮ್ಮ ಮಗಳು ಕಾಫಿ ತಂದರು" ಎಂದ. "ನಾನು ಅವರನ್ನ ನೋಡಿದೆ. ನೋಡಿದ ಮೇಲೆ ಲೆಕ್ಕ ಎಲ್ಲಿ ನಿಂತಿತ್ತು ಅನ್ನೋದು ನನಗೆ ನೆನಪಿರಲಿಲ್ಲ. ಆ ಹೊತ್ತಲ್ಲಿ ಹನ್ನೊಂದು ಹೋಯಿತು. ತಮ್ಮ ಮನೆಯ ಜಗಲಿಯ ಮೇಲೆ ಕೂತು ಹೀಗೆ ಹೇಳಬಾರದು, ಗೊತ್ತು. ಆದರೆ ಕಾರಣ ಇದೇ. ನನಗೆ ಅವರ ಮೇಲೆ ಮನಸ್ಸಿದೆ."

ಹಟ್ಟಿಯಲ್ಲಿ ಎತ್ತೊಂದು ಕೊರಳ ಗಂಟೆ ಅಲುಗಿಸಿತು. ಚನ್ನಬಸವಣ್ಣನಿಗೆ ಎದ್ದು ಹೋಗಬೇಕೋ ಕೂತಿರಬೇಕೋ ತಿಳಿಯಲಿಲ್ಲ. ಸಿದ್ದಮಲ್ಲಪ್ಪನವರು ಎಲೆ ಅಡಿಕೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಒಂದು ಎಲೆ ತೆಗೆದು ತೊಡೆಯ ಮೇಲೆ ಒರೆಸಿ, ಸುಣ್ಣ ಹಚ್ಚಿ, ಮಡಿಚಿ, ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದರು.

"ಗೌರಿ" ಎಂದರು ಒಳಗಿನ ಕಡೆ ತಿರುಗಿ. "ಮೇಷ್ಟ್ರು ಯೋಳಿದ್ದು ಕೇಳಿಸ್ತಾ?"

"ಕೇಳಿಸ್ತಪ್ಪ" ಎಂಬ ದನಿ ಬಂತು.

"ಅನ್ನೊಂದು ಸರಿಯಾಗದೋ, ಇಲ್ವೋ?"

ಬಾಗಿಲ ಹಿಂದೆ ಬಳೆ ಸದ್ದಾಯಿತು. ಆಮೇಲೆ, "ಸರಿಯಾಗದೆ ಕಣಪ್ಪ. ಸರಿಯಾಗದೆ" ಎಂದಳು ಗೌರಿ.

ದೊಡ್ಡತಾಯಮ್ಮ ಕಣ್ಣೀರಿನ ನಡುವೆಯೇ ನಕ್ಕುಬಿಟ್ಟಳು. "ನೋಡ್ಲಾ ಸಿದ್ದಮಲ್ಲ, ಎರಡು ಸಲ ಯೋಳುದ್ಲು. ಇನ್ನೇನ್ ಕೇಳೀಯೆ ನೀನು."

ಸಿದ್ದಮಲ್ಲಪ್ಪನವರು ಎಲೆಯನ್ನು ಚನ್ನಬಸವಣ್ಣನ ಕಡೆಗೆ ಚಾಚಿದರು. "ನಿಮ್ಮ ತಾಯೋರು ಚುಂಚನಕಟ್ಟೇಲಿ ತಾನೇ ಇರಾದು?"

"ಹೌದು."

"ಒಂದು ಕಾಗದ ಆಕಿ. ಬಂದೋಗ್ಲಿ. ಪಿರಿಯಾಪಟ್ಟಣದೋರ್‍ಗೆ ನಾನಿನ್ನೂ ಮಾತು ಕೊಟ್ಟಿಲ್ಲ."

ಸೋಮವಾರ ಸಂಜೆ ಈಶ್ವರನ ಗುಡಿಯ ಅಂಗಳದಲ್ಲಿ ಕುಂಬಾರರ ಮನೆಯ ಹನ್ನೊಂದು ಅಗಲ ಬಾಯಿಯ ಬೋಗುಣಿಗಳನ್ನು ಸಾಲಾಗಿ ಇಟ್ಟರು. ಒಂದೊಂದಕ್ಕೆ ಒಂಬತ್ತು ಕಟ್ಟು ಬಿಚ್ಚಿ ಸುರಿದರು. ಉಳಿದ ಒಂದು ಕಟ್ಟನ್ನೂ ಆ ಒಂಟಿ ಬತ್ತಿಯನ್ನೂ ಎದುರುಬದುರು ಕೂತು ಹಂಚಿದವರು ಗೌರಿ ಮತ್ತು ಚನ್ನಬಸವಣ್ಣ. ಊರೆಲ್ಲ ನೋಡುತ್ತಿದ್ದರಿಂದ ಇಬ್ಬರೂ ಅಂಕಿ ಬಿಟ್ಟು ಬೇರೆ ಮಾತಾಡಲಿಲ್ಲ. ಹನ್ನೊಂದನೆಯ ಬೋಗುಣಿಗೆ ಎಂಬತ್ತೊಂಬತ್ತು, ತೊಂಬತ್ತು ಎಂದು ಇಬ್ಬರೂ ಒಟ್ಟಿಗೆ ಎಣಿಸಿದರು. ತೊಂಬತ್ತೊಂದನೆಯದು ತಾಯಿ ಹೊಸೆದ ಹಳೆಯ ಬತ್ತಿ, ಬಣ್ಣ ಸ್ವಲ್ಪ ಮಾಸಿತ್ತು. ಗೌರಿ ಅದನ್ನು ಅಜ್ಜಿಯ ಕೈಗೆ ಕೊಟ್ಟಳು. ದೊಡ್ಡತಾಯಮ್ಮ ಅದನ್ನು ಬೋಗುಣಿಗೆ ಹಾಕಿದಳು. ನೆಲದ ಮೇಲೆ ಏನೂ ಉಳಿಯಲಿಲ್ಲ.

ತುಪ್ಪದಲ್ಲಿ ನೆನೆದ ಬತ್ತಿಗಳು ಒಂದೊಂದಾಗಿ ಹೊತ್ತಿಕೊಂಡವು. ಹನ್ನೊಂದು ಬೆಳಕು, ಎಲ್ಲವೂ ಒಂದೇ ಎತ್ತರ.

ಮಾರನೆಯ ಬೆಳಿಗ್ಗೆ ಹಂಪಾಪುರದ ಗಾಡಿ ಸಿದ್ದಮಲ್ಲಪ್ಪನವರ ಮನೆಯ ಮುಂದೆಯೇ ನಿಂತಿತು. ಮಾಘದಲ್ಲಿ ಮದುವೆ ಎಂದು ಅಜ್ಜಿ ಆಗಲೇ ಊರಿಗೆಲ್ಲ ಎರಡೆರಡು ಸಲ ಹೇಳಿ ಬಂದಿದ್ದಳು. ಗೌರಿ ಹೊಸ್ತಿಲು ದಾಟಿ ಕಾಫಿಯ ಲೋಟ ಹಿಡಿದು ಬಂದಳು. ಕೊಡಲಿಲ್ಲ.

"ಮೊದ್ಲು ಎಣಿಸಿ" ಎಂದಳು.

"ಇಲ್ಲೇನಾ?"

"ಇಲ್ಲೇ. ಮಾಘದವರೆಗೂ ನಾನು ಬಂದು ಸರಿಮಾಡಕ್ಕಾಗಲ್ಲ."

ಚನ್ನಬಸವಣ್ಣ ಗಾಡಿಯ ಪಕ್ಕದಲ್ಲಿ ನಿಂತು ಒಂದರಿಂದ ಎಣಿಸಿದ. ಗಾಡಿಯವನು ಕೊರಳಪಟ್ಟಿ ಬಿಗಿಯುವ ನೆಪದಲ್ಲಿ ಮುಖ ಆಚೆ ತಿರುಗಿಸಿ ನಗುತ್ತಿದ್ದ. ಹತ್ತು ಎಂದಾಗ ಅವಳು ಲೋಟ ಅವನ ಕೈಗಿಟ್ಟಳು. ಅವತ್ತಿನ ಹಾಗೇ ಅವನ ಕಡೆ ನೋಡಿದಳು. ಈ ಸಲ ಕಣ್ಣು ಕೆಳಗಿಳಿಸಲಿಲ್ಲ. ಹುಬ್ಬಿನ ಮೇಲಿನ ಆ ಚುಕ್ಕೆ ಬೆಳಗಿನ ಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತಿತ್ತು.

ಅವನೂ ಅವಳನ್ನೇ ನೋಡುತ್ತ, "ಹನ್ನೊಂದು" ಎಂದ. ಆಮೇಲೆ ಕಾಫಿ ಕುಡಿದ.